ಕತ್ತೆಗೆ ಕಂಠದಾನ

ಶಿವಶರಣನ ಗಂಟಲು ಕೆಟ್ಟಿದ್ದು ಒಂದು ಲೋಟ ರೋಸ್ ಮಿಲ್ಕಿನಿಂದ. ನಾಳೆ ದನಿ ಜೇನಿನಂತಿರಲಿ ಎಂದು ಶನಿವಾರ ಸಂಜೆ ವೇಲಚೇರಿ ಸ್ಟೇಷನ್ನಿನ ಎದುರು ಐಸ್ ಹಾಕಿಸಿಕೊಂಡು ಕುಡಿದ. ಭಾನುವಾರ ಬೆಳಿಗ್ಗೆ ಬಾಯಿ ತೆರೆದರೆ ಹೊರಟಿದ್ದು ತುಕ್ಕು ಹಿಡಿದ ಗೇಟಿನ ಸದ್ದು. ಬುದ್ಧಿ ಇದ್ದವರು ಗಂಟಲಿಗೆ ಐಸ್ ಸುರಿಯುವುದಿಲ್ಲ. ಬುದ್ಧಿ ಇದ್ದವರು ಸ್ವಂತ ಖರ್ಚಿನಲ್ಲಿ ಕಾದಂಬರಿ ಅಚ್ಚು ಹಾಕಿಸುವುದೂ ಇಲ್ಲ.

ಪಕ್ಕದ ಗಿಂಡಿ ಬಡಾವಣೆಯ ಕಾರ್ಖಾನೆಯೊಂದರಲ್ಲಿ ವಾಲ್ವ್ ಪರೀಕ್ಷಿಸುವ ಈ ಮಹಾಶಯ ಎರಡನ್ನೂ ಮಾಡಿದ್ದ. ಕಾದಂಬರಿಯ ಹೆಸರು 'ಮಾತಾಡುವ ಕಾಡಿನ ಮದುವೆ'. ಅದರಲ್ಲಿ ನರಿ ನ್ಯಾಯ ಹೇಳುತ್ತದೆ, ಆಮೆ ಜಾತಕ ನೋಡುತ್ತದೆ, ಕೊನೆಗೆ ಶರಣ್ಯಕುಮಾರನೆಂಬ ರಾಜಕುಮಾರ ರಾಜಕುಮಾರಿಯ ಕೈ ಹಿಡಿಯುತ್ತಾನೆ. ಶರಣ್ಯಕುಮಾರ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವನ ಮೂಗು ಮತ್ತು ಸದ್ಗುಣಗಳಿಗೇ ನಲವತ್ತು ಪುಟ ಹಿಡಿದಿತ್ತು. ಅಡ್ಡಬರುವ ಗಾರ್ದಭಸೇನನೆಂಬ ಕತ್ತೆ ಮಾತ್ರ ಮೂರನೇ ಮಹಡಿಯ ಪ್ರವೀಣ. ಸದಾ ಹಲ್ಲು ಕಿರಿಯುವವನು, ಶಿವಶರಣನ ಜಾಗದಲ್ಲಿ ಸ್ಕೂಟರ್ ನಿಲ್ಲಿಸುವವನು.

ರಾಜಕುಮಾರಿ, ಎದುರು ಫ್ಲಾಟಿನ ತೇಜಶ್ರೀ. ತಾಯಿ ಸುವರ್ಣಮ್ಮ ಧಾರವಾಡದ ಕಡೆಯವರು. ಮಗಳು ಇಲ್ಲೇ ಹುಟ್ಟಿ ಇಲ್ಲೇ ತಮಿಳು ಶಾಲೆಯಲ್ಲಿ ಕಲಿತವಳು. ಕನ್ನಡ ಆಡುತ್ತಾಳೆ, ಓದಲು ಬರುವುದಿಲ್ಲ ಎಂಬುದು ಇಡೀ ಕಟ್ಟಡಕ್ಕೆ ಗೊತ್ತು. ಹಾಗಾಗಿ ಶಿವಶರಣ ಆ ಭಾನುವಾರ ಅವರ ಮನೆಯಲ್ಲೇ ವಾಚನ ಇಟ್ಟುಕೊಂಡಿದ್ದ. ಕೊನೆಯ ಸಾಲು ಓದಿ, ಪುಸ್ತಕ ಮುಚ್ಚಿ, 'ಆ ರಾಜಕುಮಾರಿ ನೀವೇ' ಎನ್ನಬೇಕು. ಸೋಮವಾರ ಕೊಯಮತ್ತೂರಿನ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. ಇವತ್ತು ತಪ್ಪಿದರೆ ಅವಳು ಕೈತಪ್ಪಿದಂತೆಯೇ.

ಫ್ಲಾಟುಗಳ ಕಾರ್ಯದರ್ಶಿ ಕೃಷ್ಣಮೂರ್ತಿ ಸುದ್ದಿ ತಿಳಿದು ನೆಲಬೇವಿನ ಕಷಾಯ ತಂದು, ನಿಂತು ಕುಡಿಸಿದರು. ಮೇಲೆ ಮೆಣಸಿನ ಕಷಾಯ, ಅದರ ಮೇಲೆ ಶುಂಠಿ ರಸ. ಹನ್ನೊಂದು ಗಂಟೆಯ ಹೊತ್ತಿಗೆ ಗೇಟಿನ ಸದ್ದೂ ನಿಂತುಹೋಯಿತು.

"ದನಿ ಹೋದ್ರ ಏನಾತ್ರಿ?" ಎಂದರು ಸುವರ್ಣಮ್ಮ, ತಮ್ಮ ಮನೆಯಲ್ಲಿ ಮಂಡಕ್ಕಿ ಗಿರ್ಮಿಟ್ ಕಲಸುತ್ತ. "ಪ್ರವೀಣ ಅದಾನಲ್ಲ, ಅಂವ ಓದ್ತಾನ."

ಗಿರ್ಮಿಟ್ ವಾಸನೆಗೆ ಆಗಲೇ ಇಳಿದುಬಂದಿದ್ದ ಪ್ರವೀಣ, "ಕೊಡಿ ಸಾರ್, ಕತ್ತೆ ಪಾರ್ಟ್ ಇದೆಯಂತಲ್ಲ!" ಎಂದು ಪುಸ್ತಕ ಕಿತ್ತುಕೊಂಡ. ತೇಜಶ್ರೀ ಅವನ ಪಕ್ಕದಲ್ಲಿ ಕೂತಳು.

ಎರಡು ಪುಟ ಕುಮಾರನ ಮೂಗು ನಡೆಯಿತು. ಕೃಷ್ಣಮೂರ್ತಿ ಆಕಳಿಸಿದರು. ಪ್ರವೀಣ ಒಮ್ಮೆ ತೇಜಶ್ರೀಯ ಕಡೆ ನೋಡಿದ. ಅಷ್ಟೇ, ನೂರನೇ ಪುಟದಲ್ಲಿ ಬರಬೇಕಾದ ಕತ್ತೆ ಮೂರನೇ ಪುಟದಲ್ಲೇ ನುಗ್ಗಿತು.

"'ರಾಜಕುಮಾರೀ, ನನಗೆ ಅರಮನೆ ಇಲ್ಲ, ಮೂಗೂ ಅಷ್ಟಕ್ಕಷ್ಟೇ. ಆದರೆ ನೀನು ಬಟ್ಟೆ ಒಣಹಾಕೋಕೆ ಬರ್ತೀಯ ಅಂತ ಮೇ ತಿಂಗಳ ಬಿಸಿಲಲ್ಲಿ ಟೆರೇಸಿನ ಮೇಲೆ ಕಾಯ್ತೀನಿ. ಬುದ್ಧಿ ಇರೋ ಯಾವ ಪ್ರಾಣಿ ಹಾಗೆ ಕಾಯುತ್ತೆ ಹೇಳು?'"

ಶಿವಶರಣ ಹಾರಿಬಿದ್ದ. ಇದು ತನ್ನದಲ್ಲ! ಕಾದಂಬರಿಯಲ್ಲಿ ಟೆರೇಸೇ ಇಲ್ಲ! ಹೊಟ್ಟೆಯಿಂದ ಶಕ್ತಿಯನ್ನೆಲ್ಲ ಎಳೆದು ಕೂಗಿದ. ಹೊರಟಿದ್ದು ಅಪ್ಪಟ ಕತ್ತೆಯ ಕೂಗು.

ಎಲ್ಲರೂ ಚಪ್ಪಾಳೆ ತಟ್ಟಿದರು. "ಸರಿಯಾದ ಜಾಗಾದಾಗ ಕೂಗಿದ್ರಿ ನೋಡ್ರಿ!" ಎಂದರು ಸುವರ್ಣಮ್ಮ. ಅವನು ಮತ್ತೆ ಪ್ರತಿಭಟಿಸಿದ, ಮತ್ತೆ ಚಪ್ಪಾಳೆ. ಕೊನೆಗೆ ರಾಜಕುಮಾರಿ ಕತ್ತೆಗೆ ಮಾಲೆ ಹಾಕಿದಾಗ ಸುವರ್ಣಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಎಷ್ಟು ಚಂದ ಬರದೀರಿ!" ಎಂದರು.

ಶಿವಶರಣ ಕ್ಯಾಲೆಂಡರಿನ ಹಾಳೆ ಹರಿದು ಬರೆದ: 'ಇದು ನಾನು ಬರೆದದ್ದಲ್ಲ. ಪ್ರವೀಣ ಸುಳ್ಳು ಓದಿದ.' ಸುವರ್ಣಮ್ಮನವರ ಕನ್ನಡಕ ಸಿಗಲಿಲ್ಲ. ಚೀಟಿ ಹೋಗಿದ್ದು ಪ್ರವೀಣನ ಕೈಗೇ.

"'ನನ್ನ ಕತ್ತೆಗೆ ಜೀವ ತುಂಬಿದ ಪ್ರವೀಣನಿಗೆ ವಂದನೆಗಳು,'" ಎಂದು ಅವನು ಗಂಭೀರವಾಗಿ ಓದಿದ.

ತೇಜಶ್ರೀ ಚೀಟಿ ಎಳೆದುಕೊಂಡಳು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಇದ್ದದ್ದನ್ನು ಇದ್ದಂತೆ ಓದಿದಳು.

ಶಿವಶರಣನ ಎದೆ ಅರಳಿತು. ಸತ್ಯಕ್ಕೆ ಜಯ! ಕಳ್ಳ ಸಿಕ್ಕಿಬಿದ್ದ!

"ನಿನಗ ಓದಾಕ ಯಾವಾಗ ಬಂತು?" ಎಂದರು ಸುವರ್ಣಮ್ಮ.

"ಎರಡು ವರ್ಷ ಆಯ್ತು ಅಮ್ಮಾ," ಎಂದು ಅವಳು ಪ್ರವೀಣನ ಕಡೆ ಕೈ ತೋರಿಸಿದಳು. "ಟೆರೇಸಲ್ಲಿ ಇವರೇ ಹೇಳಿಕೊಟ್ಟಿದ್ದು. ಈಗಲೂ ಪಕ್ಕದಲ್ಲಿ ಕೂತು ಬುಕ್ ನೋಡ್ತಾನೇ ಇದ್ದೆ. ಅದರಲ್ಲಿ ಕುಮಾರನ ಮೂಗು ಇನ್ನೂ ಮುಗಿದೇ ಇರಲಿಲ್ಲ." ಅವಳು ಶಿವಶರಣನ ಕಡೆ ತಿರುಗಿದಳು. "ರೊಂಬ ಥ್ಯಾಂಕ್ಸ್ ಸಾರ್. ಕ ಖ ಗ ಎಲ್ಲಾ ಹೇಳಿದರು, ಇದೊಂದು ಹೇಳೋಕೆ ಮಾತ್ರ ಇವರಿಗೆ ಧೈರ್ಯ ಇರಲಿಲ್ಲ. ನಿಮ್ಮ ಕತ್ತೆ ಹೆಲ್ಪ್ ಮಾಡ್ತು. ಅಮ್ಮಾ, ನಾಳೆ ಅವರಿಗೆ ಬರಬೇಡಿ ಅಂತ ಫೋನ್ ಮಾಡು."

ಸುವರ್ಣಮ್ಮ ಪ್ರವೀಣನ ತಟ್ಟೆಗೆ ಇನ್ನೊಂದು ಹಿಡಿ ಗಿರ್ಮಿಟ್ ಹಾಕಿದರು. "ಕತ್ತೆ ಸಲುವಾಗಿ ಈಗಷ್ಟ ಅತ್ತಾಕಿ ನಾನು. ಇನ್ನ ಬ್ಯಾಡ ಅನ್ನೂದು ಹ್ಯಾಂಗ?"

ಆ ಏಟಿಗೆ ಶಿವಶರಣನ ಗಂಟಲು ಥಟ್ಟನೆ ಬಿಟ್ಟುಕೊಂಡಿತು. "ಹಾಗಾದರೆ ನನ್ನ ಗತಿ?" ಎಂದ. ದನಿ ಜೇನಿನಂತೆಯೇ ಇತ್ತು.

"ಅಯ್ಯ, ದನಿ ಬಂದಬಿಡ್ತಲ್ರೀ!" ಸುವರ್ಣಮ್ಮನವರ ಮುಖ ಬಾಡಿತು. "ನಿಶ್ಚಯದ ದಿನ ಮತ್ತ ಓದಸೋಣ, ನೀವು ಹಂಗ ಕೂಗ್ಬೇಕು ಅಂತ ಮಾಡಿದ್ದೆ. ಈ ದನಿಯಾಗ ಕತ್ತೆ ಕೂಗು ಹ್ಯಾಂಗ ಬರಬೇಕು?"

"ಯೋಚನೆ ಬಿಡಿ," ಎಂದರು ಕೃಷ್ಣಮೂರ್ತಿ. "ಹಿಂದಿನ ಸಂಜೆ ಒಂದು ರೋಸ್ ಮಿಲ್ಕ್ ನಾನೇ ಕುಡಿಸ್ತೀನಿ. ಐಸ್ ಜಾಸ್ತಿ ಹಾಕಿಸಿ."