ಗೌರಿಯ ಜಾವಳಕ್ಕೆ ನನ್ನ ತಲೆ

ಮಾನ್ಯ ಓದುಗ ಮಹಾಶಯರಲ್ಲಿ ಸವಿನಯ ಅರಿಕೆ. ನಾನು ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ಬರೆಯಲು ಕಲಿತದ್ದು ಹುಮನಾಬಾದಿನಲ್ಲಿ ಗುಮಾಸ್ತನಾದ ಮೇಲೆ. ಆದಕಾರಣ ಕಾಗುಣಿತ ತಪ್ಪಿದ್ದಲ್ಲಿ, ಅಕ್ಷರ ಸೊಟ್ಟಗಿದ್ದಲ್ಲಿ ಕ್ಷಮಿಸಬೇಕು. ಇದು ನನ್ನ ಮೊದಲ ಬರಹ.

ವಿಷಯ: ಮಗಳು ಚಿ. ಗೌರಿಯ ಜಾವಳ (ಹುಟ್ಟುಗೂದಲು) ತೆಗೆಸಿದ ಬಗ್ಗೆ.

ಗೌರಿಗೆ ಐದು ವರ್ಷ. ಮಾತು ಕಡಿಮೆ. ಕತ್ತರಿಯ ಸಪ್ಪಳ ಕೇಳಿದರೆ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ. ಬಾಚಣಿಗೆಯೂ ತಾಗಕೂಡದು. ಹುಟ್ಟುಗೂದಲು ಜಡೆಗಟ್ಟಿ, ಹೇನು ತುಂಬಿ, ಮಗುವಿಗೆ ನಿದ್ದೆಯೇ ಇರಲಿಲ್ಲ. ಹಿಂದೆ ಮುಹೂರ್ತ ಇಡಿಸಿದಾಗಲೆಲ್ಲ ಊಟವೊಂದೇ ಸಾಂಗವಾಗಿ ನೆರವೇರಿತ್ತು!

"ಹಟ ಅಲ್ರಿ ಅದು, ಅಕಿಗಿ ತಡಕೊಳ್ಳಾಕ ಆಗಂಗಿಲ್ಲ," ಎಂದಳು ನನ್ನ ಹೆಂಡತಿ. "ಕೌದಿ ಬಿಗಿಯಾಗಿ ಸುತ್ತಿದ್ರ ಸುಮ್ಮನಾಗ್ತಾಳ. ಮೆಲ್ಲಕ ಮಾಡೂಣು."

ನಾನು ಈ ಸಲಹೆಯನ್ನು ಪರಿಶೀಲಿಸಿ ತಿರಸ್ಕರಿಸಿದೆ. ಹೆದರಿಕೆ ಹೋಗಲು ಮಗು ಕಣ್ಣಾರೆ ನೋಡಬೇಕು. ಮೊದಲು ನನ್ನ ತಲೆ!

ಕ್ಷೌರಿಕ ಮಾಣಿಕಪ್ಪ ಅನುಮಾನಿಸಿದ. "ಸಾಹೇಬ್ರ, ಪೂರಾ ಬೋಳಸ್ಲೇನ್ರಿ?"

"ಪೂರಾ! ಮೀಸೀನೂ!"

"ಮನಿಯಾಗ ನಿಮ್ಮ ಅವ್ವಾರು ಆರಾಮ್ ಅದಾರಲ್ರಿ?"

"ಆರಾಮ್ ಅದಾರ. ನೀ ಹಚ್ಚು."

ಕತ್ತರಿ ಮೊದಲ ಸಲ ಕಚಕ್ ಎಂದಿತು. ಗೌರಿ ಓಡಿ ಮಂಚದ ಕೆಳಗೆ ಸೇರಿದಳು. ನನ್ನ ತಲೆ ಮಾತ್ರ ಸಂಪೂರ್ಣ ಬೋಳಾಯಿತು, ನೋಡುವವರಿಲ್ಲದೆ.

ತಲೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದೆ. ಎದುರುಮನೆಯ ಗುಂಡಮ್ಮ ನನ್ನನ್ನು ನೋಡಿ ಕೊಡ ಕೆಳಗಿಟ್ಟಳು.

"ಅಯ್ಯೋ ನಮ್ಮವ್ವಾ! ನಿನ್ನಿ ಸಂಜೀಕ ನನ್ನ ಕೂಡ ಮಾತಾಡಿದ್ಯಲ್ಲಬೇ! ಹ್ಯಾಂಗ ಹೋದಿ?"

ತಂದೆ ತೀರಿ ವರ್ಷಗಳಾಗಿದ್ದವು. ಇನ್ನು ನಾನು ತಲೆ ಬೋಳಿಸಿಕೊಂಡರೆ ಯಾರಿಗಾಗಿ ಎಂಬುದು ಓಣಿಗೆಲ್ಲ ಗೊತ್ತು. ನಾನು ಬಾಯಿ ತೆರೆಯುವುದರೊಳಗೆ ಹೆಂಗಸರು ಕೂಡಿ ಅಳತೊಡಗಿದರು. ಜಾವಳಕ್ಕೆಂದು ಬಸವಕಲ್ಯಾಣದಿಂದ ಬಂದ ನನ್ನ ಮೈದುನ, ಪೇಢೆಯ ಪೊಟ್ಟಣವನ್ನು ಬೆನ್ನ ಹಿಂದೆ ಬಚ್ಚಿಟ್ಟು ತಾನೂ ಅತ್ತ.

ಅಷ್ಟರಲ್ಲಿ ಅವ್ವ ಕೋಲೂರುತ್ತ ಹೊರಬಂದಳು. "ಯಾರ್ ಹೋದ್ರಬೇ?"

ಯಾರೂ ತಲೆಯೆತ್ತಲಿಲ್ಲ. ಅವ್ವ ಗುಂಡಮ್ಮನ ಪಕ್ಕ ಕುಳಿತು ತಾನೂ ಅಳಲಾರಂಭಿಸಿದಳು!

ಒಳಗೆ ಧಡ್ ಎಂಬ ಸದ್ದು. ಈ ಗದ್ದಲಕ್ಕೆ ಗೌರಿ ಮಂಚದ ಕಾಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಉಕ್ಕುತ್ತಿದ್ದ ನನ್ನ ನಗೆಯೆಲ್ಲ ಇಂಗಿತು; ಒಳಗೆ ಓಡಿದೆ.

"ಯಾರೂ ಸತ್ತಿಲ್ಲ! ಬಾಯಿ ಮುಚ್ಚರಿ!" ಎಂದು ಹೆಂಡತಿ ಕದ ಹಾಕಿದಳು. ಮಗುವನ್ನು ಕೌದಿಯಲ್ಲಿ ಬಿಗಿಯಾಗಿ ಸುತ್ತಿ ತೊಡೆಯ ಮೇಲೆ ಒತ್ತಿಕೊಂಡಳು. ನಾನು ತಪ್ಪಿತಸ್ಥನಂತೆ ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಕೌದಿಯಿಂದ ಪುಟ್ಟ ಕೈಯೊಂದು ಹೊರಬಂದು ನನ್ನ ನುಣುಪು ತಲೆಯ ಮೇಲೆ ಬಿತ್ತು. ಸವರಿತು. ಮತ್ತೆ ಸವರಿತು. ಮಗುವಿನ ಅಳು ನಿಂತಿತು.

"ಮಾಣಿಕಪ್ಪಾ, ಈಗ ಬರ್ರಿ. ಕತ್ತರಿ ಬ್ಯಾಡ, ಬರೇ ಕತ್ತಿ," ಎಂದಳು ಹೆಂಡತಿ ಪಿಸುದನಿಯಲ್ಲಿ.

ನಾನು ಮಗಳಿಗೆ ಧೈರ್ಯ ಹೇಳಲು ಬಾಯಿ ತೆರೆದೆ.

"ನೀವು ಮಾತಾಡಬ್ಯಾಡ್ರಿ. ತಲಿ ಅಷ್ಟ ಕೊಡ್ರಿ."

ಕೊಟ್ಟೆ. ಜಾವಳ ಮುಗಿಯಿತು. ಅಂದು ಮಗು ನಿದ್ದೆ ಮಾಡಿತು.

ನನ್ನ ಕೂದಲು ತುಸು ಚಿಗುರಿದರೂ ಗೌರಿಯ ಅಂಗೈಗೆ ಚುಚ್ಚುತ್ತದೆ. ಆಗ ನನ್ನ ತಲೆಯನ್ನು ದೂಡಿಬಿಡುತ್ತಾಳೆ. ಆದ್ದರಿಂದ ಮಾಣಿಕಪ್ಪ ವಾರವಾರವೂ ಹಾಜರು. ಬೋಳು ತಲೆ ಕಂಡು ಸಮಾಚಾರ ವಿಚಾರಿಸಲು ಬಂದವರಿಗೆ ಅವ್ವನೇ, "ನಾ ಇನ್ನೂ ಇದ್ದೀನ್ರಿ, ಬರ್ರಿ, ಚಹಾ ಕುಡೀರಿ," ಎನ್ನುತ್ತಾಳೆ.

ಮೇಲ್ಕಂಡ ಬರಹದಲ್ಲಿ ತಪ್ಪು ಕಂಡಲ್ಲಿ ದಯವಿಟ್ಟು ತಿದ್ದಿಕೊಡಬೇಕು. ತಲೆಯ ವಿಷಯದಲ್ಲಿ ಮಾತ್ರ ತಿದ್ದುಪಡಿಗೆ ಅವಕಾಶವಿಲ್ಲ. ಅದು ಗೌರಿಗೆ ಖಾಯಂ ಮಂಜೂರಾಗಿದೆ.