ಎಂಟು ಕೋಲುಗಳ ಬಂಧನ

ಕೇರಿಯ ಆಡಳಿತ ನೋಡುವ ಕಪಿತಾನನ ಅಳಿಯ ಬಿಲಿಯರ್ಡ್ಸ್ ಕೋಲಿನಿಂದ ಪಿಡ್ಯೋನ ತಲೆ ಒಡೆದ. ಕಪಿತಾನ ಅಳಿಯನನ್ನು ಮನೆಗೆ ಕಳಿಸಿ, ಕೇರಿಯ ಎಂಟೂ ಕೋಲುಗಳನ್ನು ಮಾರಕಾಸ್ತ್ರಗಳೆಂದು ಬರೆದು, ಕಚೇರಿಯಲ್ಲಿಟ್ಟು ಬೀಗ ಹಾಕಿದ.

ತಲೆಯ ನಾಲ್ಕು ಹೊಲಿಗೆ ಪಿಡ್ಯೋಗೆ ದೊಡ್ಡದೆನಿಸಲಿಲ್ಲ. ಮರುದಿನ ಸಂಜೆಯೇ ಚರ್ಚಿನ ಸಂತನ ಹಬ್ಬದ ಬಿಲಿಯರ್ಡ್ಸ್ ಪಂದ್ಯವಿತ್ತು. ಮೇಲ್ಕೇರಿಯ ನೆಮೆಸ್ಯೋ ಮೂರು ವರ್ಷದಿಂದ ಅವನನ್ನು ಸೋಲಿಸುತ್ತ ಬಂದಿದ್ದ. ಈ ಸಲ ಬಿಡಬಾರದೆಂದು ಪಿಡ್ಯೋ ಮೂರು ತಿಂಗಳು ಒಂದೇ ಹೊಡೆತ ಅಭ್ಯಾಸ ಮಾಡಿದ್ದ. ನಿದ್ದೆಯಲ್ಲೂ ಮೊಣಕೈ ಆಡಿಸಿ ಹೆಂಡತಿಯ ಪಕ್ಕೆಗೆ ತಿವಿಯುತ್ತಿದ್ದ. ಹಬ್ಬದ ಬೆಳಿಗ್ಗೆ ಅವನು ಬಾಲ ಕಳೆದುಕೊಂಡ ಹಲ್ಲಿಯಂತೆ ಮೀನುಸಂತೆಯ ತಗಡಿನ ಚಪ್ಪರದಡಿ ಬಿಲಿಯರ್ಡ್ಸ್ ಮೇಜಿನ ಸುತ್ತ ಹರಿದಾಡುತ್ತಿದ್ದ.

ಸಲಹೆಗೇನೂ ಬರವಿರಲಿಲ್ಲ. ಬ್ಯಾಂಡೇಜಿಗೆ ಟೊಮೆಟೊ ಸಾಸ್ ಸುರಿದುಕೊಂಡು ಕಪಿತಾನನ ಬಾಗಿಲಲ್ಲಿ ಮಲಗೆಂದು ಕ್ಷೌರಿಕ ತಾಸ್ಯೋ ಹೇಳಿದ. ಬರುವ ತಿಂಗಳು ಚುನಾವಣೆ, ಐವತ್ತು ಸಹಿಯ ಅರ್ಜಿ ಕೊಟ್ಟರೆ ಬೀಗ ತಾನೇ ಬಿಚ್ಚುತ್ತದೆಂದು ನಿವೃತ್ತ ಗುಮಾಸ್ತ ಹೇಳಿದ. ಪಿಡ್ಯೋ ಕಾಗದ ಹಿಡಿದು ಓಡಿದ. ಆಟಗಾರರು ಹನ್ನೊಂದು ಜನ ಸಹಿ ಹಾಕಿದರು. ಮಿಕ್ಕ ಗಂಡಸರೆಲ್ಲ ದೋಣಿಗಳಲ್ಲಿದ್ದರು. ಉಳಿದವರು ಮೀನು ಮಾರುವ ಹೆಂಗಸರು.

ಸೇಪಕ್ಕ ಮೀನು ಕೊಚ್ಚುವುದನ್ನು ನಿಲ್ಲಿಸಲಿಲ್ಲ. "ಇಪ್ಪತ್ತು ವರ್ಷದಿಂದ ಈ ಮೇಜಿನ ಮುಂದೇನೇ ಬಿಸಿಲಲ್ಲಿ ಕೂತಿದೀನಿ. ಒಂದಿನ ನಿನ್ನ ಚಪ್ಪರದ ನೆರಳಲ್ಲಿ ಬುಟ್ಟಿ ಇಡೋಕೆ ಬಿಟ್ಟಿದೀಯಾ? ನಾನ್ಯಾಕೋ ಸಹಿ ಹಾಕ್ಲಿ?"

"ಆಟದ ವಿಷ್ಯ ಅಕ್ಕಾ. ನಿಮಗದು ಗೊತ್ತಾಗಲ್ಲ."

"ಗೊತ್ತು ಮಾಡ್ಸು. ಒಂದು ಆಟ ಆಡ್ಸು, ಒಂದು ಸಹಿ ತಗೋ."

"ಕೋಲೇ ಇಲ್ವಲ್ಲ."

"ಕೈ ಇದೆಯಲ್ಲ."

ಅಲ್ಲೇ ನಿಯಮ ಹುಟ್ಟಿತು. ಬಿಳಿ ಚೆಂಡನ್ನು ಕೈಯಿಂದಲೇ ಉರುಳಿಸಿ ಕೆಂಪಿಗೆ ತಾಗಿಸಬೇಕು. ಕೆಂಪು ನಿಲ್ಲುವುದರೊಳಗೆ ಮುಂದಿನವರು ಬಿಳಿಯನ್ನು ಹಿಡಿದು, ಮೇಜಿನ ತುದಿಗೆ ಓಡಿ, ಮತ್ತೆ ಹೊಡೆಯಬೇಕು. ನಿಮ್ಮ ಸರದಿಯಲ್ಲಿ ಕೆಂಪು ನಿಂತರೆ, ಇಲ್ಲವೇ ಕುಳಿಗೆ ಬಿದ್ದರೆ, ಮೂರು ಜೀವದಲ್ಲಿ ಒಂದು ಹೋಯಿತು.

ದೂರದ ಬುಟ್ಟಿಗೆ ಮೀನೆಸೆದು ಪಳಗಿದ ಕೈ ಸೇಪಕ್ಕನದು. ಪಿಡ್ಯೋನ ಬ್ಯಾಂಡೇಜು ಕಣ್ಣಿಗೆ ಜಾರಿತು. ಅದನ್ನು ಮೇಲಕ್ಕೆ ಸರಿಸುವಷ್ಟರಲ್ಲಿ ಅವನ ಮೂರೂ ಜೀವ ಹೋಗಿದ್ದವು. ಕೇರಿಯ ಚಾಂಪಿಯನ್ ಮೀನಿನವಳಿಗೆ ಸೋತನೆಂಬ ಸುದ್ದಿ ಕೇಳಿ ಸಂತೆಗೆ ಸಂತೆಯೇ ಬಂತು. ಬಸುರಿಯರು ಬಂದರು, ಬೋಳುಬಾಯಿ ಅಜ್ಜಿಯರು ಬಂದರು. ಪಾಳಿಯ ಸಾಲು ಚರ್ಚಿನ ಗೋಡೆ ಮುಟ್ಟಿತು. ಅದರಲ್ಲಿ ತನ್ನ ಹೆಂಡತಿಯೂ ತೋಳು ಮಡಿಚಿಕೊಂಡು ನಿಂತದ್ದು ಕಂಡು ಪಿಡ್ಯೋ ಪೆಚ್ಚಾದ. ಆದರೇನು, ಮೂರು ಗಂಟೆಗೆ ಅರವತ್ತೆರಡು ಸಹಿ.

ಕಪಿತಾನ ಅರ್ಜಿ ಓದಲಿಲ್ಲ. ಕಚೇರಿಯ ಕಿಟಕಿಯಾಚೆ ಅಷ್ಟು ಮತದಾರರು ಒಂದೇ ಕಡೆ ಸೇರಿದ್ದನ್ನು ನೋಡಿ ಬೆವರಿದ. ಎಂಟು ಕೋಲುಗಳನ್ನು ಸೌದೆ ಹೊರೆಯಂತೆ ತಾನೇ ಹೊತ್ತು ತಂದ. ಪಿಡ್ಯೋ ತನ್ನ ಕೋಲನ್ನು ಎದೆಗೊತ್ತಿಕೊಂಡು ಗುಂಪು ಸೀಳಿ ನುಗ್ಗಿದ. ನೆಮೆಸ್ಯೋ ಆಗಲೇ ಬಂದಿದ್ದ. ಆದರೆ ಬರಿಗಾಲಲ್ಲಿ, ಸೇಪಕ್ಕನ ಎದುರು, ಏದುಸಿರು ಬಿಡುತ್ತಿದ್ದ.

"ನಮ್ಮ ಪಂದ್ಯ, ನೆಮೆಸ್ಯೋ," ಎಂದ ಪಿಡ್ಯೋ.

"ತಡಿಯೋ ಮಾರಾಯ. ಇರೋದೊಂದೇ ಜೀವ." ಅವನು ತಿರುಗಿಯೂ ನೋಡಲಿಲ್ಲ.

ಕಪಿತಾನ ಗಂಟಲು ಸರಿಮಾಡಿಕೊಂಡ. ಕೋಲುಗಳು ಬಂದಿವೆ, ಅರ್ಜಿ ಕೊಟ್ಟವರು ನೀವೇ, ಇನ್ನು ಹೆಂಗಸರೆಲ್ಲ ಮೇಜು ಬಿಟ್ಟು ಗಂಡಸರಿಗೆ ಆಡಲು ಕೊಡಬೇಕೆಂದು ಅಪ್ಪಣೆ ಮಾಡಿದ.

ಸೇಪಕ್ಕ ಅಂಗೈಯನ್ನು ಸೊಂಟದ ಬಟ್ಟೆಗೆ ಒರೆಸಿ ಬಿಳಿ ಚೆಂಡನ್ನು ಕೈಗೆ ತೆಗೆದುಕೊಂಡಳು.

"ಆಗಲ್ಲ ಕಪಿತಾನರೇ. ಇನ್ನೂ ಮೂವತ್ತು ಜನ ಇದೀವಿ. ಆಡೋದಿದ್ರೆ ಪಾಳಿ ಕೊನೇಲಿ ನಿಂತ್ಕೊಳ್ಳಿ."