ಮೂಕಿ ಸಿನಿಮಾ ಯಾವ ಭಾಷೆಯದು?

ಪರವೂರಿನಲ್ಲಿ ಕನ್ನಡ ಸಂಘ ಕಟ್ಟಿಕೊಂಡವರು ಫಜೀತಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಾಗಿಲು ತಟ್ಟುತ್ತೆ. ನಾನು ಸೂರತ್ತಿನ ಹಜೀರಾದಲ್ಲಿ ಕಂಪನಿ ಕಾಲೊನಿಯ ಸಂಘದ ಕಾರ್ಯದರ್ಶಿ. ಇಲ್ಲೇ ಬೆಳೆದ ಮಕ್ಕಳು ನಮ್ಮ ಕಾರ್ಯಕ್ರಮ ಅಂದರೆ ಓಡಿಹೋಗುತ್ತವೆ. ಧಾರವಾಡ ಕಡೆಯವರಾದ ನಮ್ಮ ಅಧ್ಯಕ್ಷರು ಬೇಸತ್ತು ಹೇಳಿಬಿಟ್ಟರು: "ಈ ಸಲನೂ ಹುಡುಗ್ರು ಬರಲಿಲ್ಲಂದ್ರ ಸಂಘಕ್ಕ ಬೀಗ ಹಾಕೂದು."

ಹಳೇ ಕಾಲದ ಪುಟ್ಟ ಮೂಕಿ ಹಾಸ್ಯಚಿತ್ರ ತೋರಿಸೋಣ ಅಂದೆ.

"ಕನ್ನಡ ಸಂಘದಾಗ ಮಾತಿಲ್ಲದ ಸಿನಿಮಾ ಏನ್ರೀ?"

"ಮಾತಿದ್ದರೆ ಯಾವ ಮಗುವಿಗೆ ಅರ್ಥವಾಗುತ್ತೆ ಸಾರ್?"

"ಆತು, ತೋರಸ್ರಿ," ಅಂದರು.

೧. ನಾನು

ಹಾಲ್ ಬುಕ್ ಮಾಡಲು ಫೋನ್ ಹಚ್ಚಿದೆ. ಯಾವ ಹಾಲ್ ಬೇಕು ಅಂತ ಆ ಕಡೆಯ ಗುಜರಾತಿ ಗುಮಾಸ್ತ "ಕೌನ್‌ಸಾ ಹಾಲ್?" ಅನ್ನುವುದಕ್ಕೂ, ಅಧ್ಯಕ್ಷರು ಒಳಗೆ ಬಂದು "ಹಾಲ್ ಬುಕ್ ಮಾಡಾವ್ರು ಯಾರ್ರೀ?" ಅನ್ನುವುದಕ್ಕೂ ಸರಿಹೋಯಿತು. "ನಾನು" ಅಂದೆ. ಗುಮಾಸ್ತ "ಸಾರು" ಅಂದು ಫೋನಿಟ್ಟ. ಗುಜರಾತಿಯಲ್ಲಿ ಸಾರು ಅಂದರೆ ಒಳ್ಳೆಯದು, ನಾನು ಅಂದರೆ ಚಿಕ್ಕದು. ಟೇಬಲ್ ಟೆನ್ನಿಸ್ ಮೇಜು ಮಡಚಿಟ್ಟ ಕೋಣೆ ಸಿಕ್ಕಿತು. ಸದ್ಯ, ಒಳ್ಳೆಯದೇ ಆಯಿತು. ತಿಂಡಿಯ ಆಸೆಗೆ ಬಂದ ನಾಲ್ಕಾರು ಮಕ್ಕಳಿಗೇ ಹೌಸ್‌ಫುಲ್!

೨. ಅಜ್ಜಿಯ ಕಿವಿ

ಚಿತ್ರ ಶುರುವಾಯಿತು. ಅಧ್ಯಕ್ಷರ ತಾಯಿ ಕಿವಿಯ ಮಷೀನು ತೆಗೆದು ಕುಟ್ಟಿದರು, ಊದಿದರು, ಕೊನೆಗೆ ಕಣ್ಣಲ್ಲಿ ನೀರು. "ಇದ್ದಷ್ಟೂ ಕಿವಿ ಹೋತಲ್ಲೋ ತಮ್ಮಾ."

"ಅಜ್ಜಿ, ಇದರಲ್ಲಿ ಮಾತೇ ಇಲ್ಲ," ಅಂತ ಕಿವಿಯಲ್ಲೇ ಕೂಗಿದೆ.

"ಹಂಗಾರ ಯಾರಿಗೂ ಕೇಳಿಸವಲ್ದು?"

"ಯಾರಿಗೂ ಇಲ್ಲ."

ಅಜ್ಜಿಗೆ ಎಷ್ಟು ನಿರಾಳವಾಯಿತೆಂದರೆ ಮಷೀನನ್ನೇ ಚೀಲಕ್ಕೆ ಹಾಕಿ ಚಕ್ಕಳಮಕ್ಕಳ ಕೂತರು.

೩. ಹಿಂದ ನೋಡೋ

ಪರದೆಯ ಮೇಲೆ ಒಬ್ಬ ಬಡಕಲು ಮನುಷ್ಯ ಹಿಟ್ಟಿನ ಮೂಟೆ ಹೊತ್ತು ನಿಂತಿದ್ದಾನೆ, ಬೆನ್ನ ಹಿಂದೆಯೇ ಪೊಲೀಸು. ಅಜ್ಜಿಗೆ ತಡೆಯಲಾಗಲಿಲ್ಲ. "ಏ ಖೋಡಿ, ಹಿಂದ ನೋಡೋ!" ಅವನು ನೋಡಲಿಲ್ಲ, ಮೂಟೆ ಒಡೆಯಿತು, ಪೊಲೀಸು ಬೆಳ್ಳಗಾದ. ಮಕ್ಕಳು ಬಿದ್ದು ಬಿದ್ದು ನಕ್ಕವು. ಆಮೇಲೆ ಪೊಲೀಸು ಕಂಡಾಗಲೆಲ್ಲ ಅಜ್ಜಿಯ ಜೊತೆ ಎಲ್ಲವೂ ಒಂದೇ ರಾಗ, "ಹಿಂದ ನೋಡೋ, ಹಿಂದ ನೋಡೋ!"

ಅಧ್ಯಕ್ಷರು "ಕನ್ನಡ ಮಾತಾಡ್ಲಿಕ್ಹತ್ಯಾವ್ರೀ," ಅಂತ ನನ್ನ ಕೈ ಹಿಡಿದುಕೊಂಡರು. ನಾನೂ ಉಸಿರು ಬಿಟ್ಟೆ.

ಮುಗಿದ ಮೇಲೆ ಒಬ್ಬಳು ಪುಟ್ಟ ಹುಡುಗಿ ಅವರ ಹತ್ತಿರ ಬಂದಳು. "ಅಂಕಲ್, ನೆಕ್ಸ್ಟ್ ಸಂಡೇ ಭೀ ಬರ್ತೀವಿ. ಲೇಕಿನ್ ಈ ಅಜ್ಜಿ ಬರೀ ಹಿಂದೀಲಿ ನೋಡೋ, ಹಿಂದೀಲಿ ನೋಡೋ ಅಂತಾರೆ. ಕನ್ನಡ ಸಂಘ ಅಲ್ವಾ, ಕನ್ನಡದಲ್ಲಿ ತೋರಿಸಿ."

ಅಧ್ಯಕ್ಷರು ಅವಳ ತಲೆ ಸವರಿ ಹೇಳಿದರು, "ಆತವ್ವಾ. ಮುಂದಿನ ವಾರ ಇದನ್ನ ಕನ್ನಡದಾಗ ಹಾಕ್ತೀವಿ."